ಫಾರ್ಮ್ಯಾಟ್ ಬೇಡ ಅಂದರೆ ಬೇಡ

ಯಾವ ಯಂತ್ರದ್ದೆಂದು ಯಾರಿಗೂ ಗೊತ್ತಿಲ್ಲದ, ಆದರೆ ಎಸೆಯಲು ಯಾರಿಗೂ ಧೈರ್ಯ ಬಾರದ ವೈರುಗಳ ಡಬ್ಬವೊಂದು ಎಲ್ಲರ ಮನೆಯಲ್ಲೂ ಇರುತ್ತದೆ. ನಿಮ್ಮ ಮನೆಯಲ್ಲಿ ಇಲ್ಲ ಅಂದರೆ ನಾನು ನಂಬುವುದಿಲ್ಲ. ನಮ್ಮದು ದುಂಡನೆಯ ಬಿಸ್ಕತ್ತಿನ ಡಬ್ಬ. ಮೊನ್ನೆ ಚಾರ್ಜರ್ ಹುಡುಕುತ್ತಾ ಅದನ್ನು ನೆಲದ ಮೇಲೆ ಸುರಿದಾಗ, ಹಾವಿನ ಮರಿಗಳಂತೆ ಸುತ್ತಿಕೊಂಡಿದ್ದ ವೈರುಗಳ ನಡುವಿನಿಂದ ಗೇಣುದ್ದದ ಕಪ್ಪು ಕೇಬಲ್ಲೊಂದು ಹೊರಬಿತ್ತು. ಒಂದು ತುದಿಯಲ್ಲಿ ಒಂದು ಮೂತಿ, ಇನ್ನೊಂದು ತುದಿಯಲ್ಲಿ ಎರಡು.

ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ. ಚಾರ್ಜರ್ ವಿಷಯ ಮರೆತೇಹೋಯಿತು. ಈ ಕೇಬಲ್ಲಿಗಾಗಿ ನಾನು ನಮ್ಮ ಭಾವನ ಜೊತೆ ಜಗಳವಾಡಿದ್ದೇನೆ. ಇದು ಕೈಗೆ ಸಿಗುವುದಕ್ಕೆ ಮುಂಚೆ ರಾಜಾಜಿನಗರದ ಅಂಗಡಿಯೊಂದರಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಪರಿಚಯವೇ ಇಲ್ಲದ ಗಂಡಸಿನ ಕೈ ಹಿಡಿದಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗಬೇಕು. ಆಗುವುದಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ನಾನು ಆಗ ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ಯಾರೋ ಪುಣ್ಯಾತ್ಮರು ತಮ್ಮ ಆಫೀಸಿನ ಹಳೆಯ ಕಂಪ್ಯೂಟರುಗಳನ್ನು ಶಾಲೆಗೆ ದಾನ ಮಾಡಿದ್ದರು. ಅವುಗಳ ಜೊತೆ ವಿಂಡೋಸ್ ಬಂದಿರಲಿಲ್ಲ, ಕೊಳ್ಳುವ ಶಕ್ತಿ ಶಾಲೆಗಿರಲಿಲ್ಲ, ಕದ್ದ ಸೀಡಿ ಹಾಕಿಸಲು ನಮ್ಮ ಎಚ್.ಎಂ. ಮೇಡಂ ಒಪ್ಪಲಿಲ್ಲ. ಹಾಗಾಗಿ ಪುಕ್ಕಟೆಯಾಗಿ ಸಿಗುವ ಲಿನಕ್ಸ್ ಬಂತು. ಅದನ್ನು ನಡೆಸುವ ತರಬೇತಿಗೆ ಯಾರಾದರೂ ಒಬ್ಬರು ಹೋಗಬೇಕಿತ್ತು. ಗಣಿತದವರಿಗೆ ಟ್ಯೂಷನ್ ಇತ್ತು, ವಿಜ್ಞಾನದವರಿಗೆ ಮನೆಯಲ್ಲಿ ಮದುವೆ ಇತ್ತು. ಕನ್ನಡದವಳಿಗೆ ಏನಿರುತ್ತದೆ ಎಂದು ನನ್ನನ್ನು ಕಳಿಸಿದರು.

ಹೀಗೆ ನಾನು ರಾತ್ರಿ ಬೆಳಗಾಗುವುದರೊಳಗೆ ಕಂಪ್ಯೂಟರ್ ಮೇಡಂ ಆದೆ. ಲಿನಕ್ಸ್ ಬಗ್ಗೆ ನನಗೆ ಗೊತ್ತಿದ್ದುದು ಎಳ್ಳಷ್ಟು, ಅದರ ಮೇಲೆ ಹುಟ್ಟಿದ ಅಭಿಮಾನ ಬೆಟ್ಟದಷ್ಟು. ತಪ್ಪು ಮಾಡಿದರೆ ಅದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ನಯ ನಾಜೂಕು ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ, ನೀನು ಕೇಳಿದ್ದು ಇಲ್ಲಿ ಇಲ್ಲ, ನಿನಗೆ ಆ ಅಧಿಕಾರವೂ ಇಲ್ಲ ಎಂದು ಬರೆದು ಸುಮ್ಮನಾಗುತ್ತಿತ್ತು. ವಿಜಯನಗರದ ನಮ್ಮ ಮನೆಯಲ್ಲಿ ಮಾತು ನಡೆಯುತ್ತಿದ್ದುದೇ ಹಾಗೆ. ನನಗೆ ಹೊಸದೇನೂ ಅನ್ನಿಸಲಿಲ್ಲ. ಕಂತಿನಲ್ಲಿ ಕೊಂಡ ಮನೆಯ ಕಂಪ್ಯೂಟರಿಗೂ ಅದನ್ನೇ ಹಾಕಿಕೊಂಡೆ. ಬಂದವರೆಲ್ಲ "ಇದ್ರಲ್ಲಿ ಗೇಮ್ಸ್ ಇಲ್ವಾ?" ಎಂದು ಕೇಳಿ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಹೋಗಲಿ ಎಂದುಕೊಳ್ಳುತ್ತಿದ್ದೆ.

ಮನೆಯ ಮಾತು ಎಂದರೆ ಅಪ್ಪನ ಮಾತು. ಅಪ್ಪ ಸಿಟಿ ಬಸ್ಸಿನ ಕಂಡಕ್ಟರು. ಕೆಲಸದ ಬಹುಪಾಲು ಮಾಗಡಿ ರಸ್ತೆಯಲ್ಲೇ ಕಳೆಯಿತು. ಮೆಜೆಸ್ಟಿಕ್ಕಿನಿಂದ ಹೊರಟು ಬಿನ್ನಿಮಿಲ್, ಟೋಲ್‌ಗೇಟ್, ಕಾಮಾಕ್ಷಿಪಾಳ್ಯ ಎಂದು ಕೂಗುತ್ತಾ ಸುಮನಹಳ್ಳಿ ದಾಟುವ ಹೊತ್ತಿಗೆ ಡ್ರೈವರಿಗೆ ತಲೆನೋವು ಬರುತ್ತಿತ್ತಂತೆ. ಆ ಗಂಟಲು ಡ್ಯೂಟಿ ಮುಗಿದ ಮೇಲೂ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೆ, ಕಾಲಿಡಲು ಜಾಗವಿಲ್ಲದ ಹಾಲಿನ ಬಾಗಿಲಲ್ಲಿ ನಿಂತು, "ಬಾಗ್ಲಲ್ಲಿ ನಿಂತ್ಕೋಬೇಡ್ರಿ, ಒಳಗೆ ನಡೀರಿ, ಒಳಗೆಲ್ಲ ಖಾಲಿ ಇದೆ" ಎಂದು ಕೂಗುತ್ತಿದ್ದರು. ಪುರೋಹಿತರು ಗಾಬರಿಯಾಗಿ ಮಂಟಪವನ್ನು ಗೋಡೆಗೆ ಒತ್ತರಿಸಿಕೊಳ್ಳುತ್ತಿದ್ದರು.

ಚಿಕ್ಕವಳಿದ್ದಾಗ ಒಮ್ಮೆ ಸ್ಕೂಲು ಬಿಟ್ಟ ಮೇಲೆ ಗೆಳತಿಯರ ಜೊತೆ ಅಪ್ಪನ ಬಸ್ಸನ್ನೇ ಹತ್ತಿದ್ದೆ. ಅಪ್ಪನ ಬಸ್ಸು, ಟಿಕೆಟ್ ಯಾರು ಕೇಳುತ್ತಾರೆ ಎಂದು ಅವರೆದುರು ಜಂಬ ಬೇರೆ ಕೊಚ್ಚಿದ್ದೆ. ಅಪ್ಪ ನೇರವಾಗಿ ನನ್ನ ಮುಂದೆ ಬಂದು ನಿಂತು, ಹಿಂದೆಂದೂ ನೋಡಿಲ್ಲದವರಂತೆ, "ಎಲ್ಲಿಗಮ್ಮಾ?" ಎಂದರು. ನನಗೆ ಸಿಟ್ಟು ಬಂತು.

"ನಿಮ್ಮನೆಗೆ" ಅಂದೆ.

"ನಮ್ಮನೆ ಹತ್ರ ಈ ಬಸ್ ನಿಲ್ಸಲ್ಲ. ಟೋಲ್‌ಗೇಟಿಗೆ ತಗೋ" ಎಂದು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು. ಬಸ್ಸಿಗೆ ಬಸ್ಸೇ ನಕ್ಕಿತು. ಆ ಸಂಜೆ ನಾನು ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಅವರಿಗೆ ಅದು ತಿಳಿಯಲೇ ಇಲ್ಲ, ಏಕೆಂದರೆ ಇಬ್ಬರ ಮಾತನ್ನೂ ಅವರೇ ಆಡುತ್ತಿದ್ದರು.

ನಿವೃತ್ತರಾದ ಮೇಲೆ ಆ ಗಂಟಲು ಒಡೆಯತೊಡಗಿತು. ಶೀತ ಎಂದರು, ಬೀಡಿ ಎಂದರು, ಕಷಾಯ ಕುಡಿದರು. ಕೊನೆಗೆ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಬಿಟ್ಟು ನೋಡಿದ ಡಾಕ್ಟರು ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕುಳಿತರು. ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ. ಆಮೇಲೆ ಉಸಿರಾಟ ಕತ್ತಿನಲ್ಲಿ ಮಾಡುವ ರಂಧ್ರದಿಂದ. ಅಪ್ಪ ಎಲ್ಲವನ್ನೂ ಕೇಳಿ, ಗೊಗ್ಗರು ದನಿಯಲ್ಲಿ, "ತೆಗೀರಿ" ಎಂದರು. ಅಷ್ಟು ಚಿಕ್ಕ ಮಾತನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಆಪರೇಷನ್‌ಗೆ ಮುಂಚಿನ ಭಾನುವಾರ ಶಾಲೆಯಿಂದ ತಲೆಗೆ ಹಾಕಿಕೊಳ್ಳುವ ಮೈಕು ತಂದು, ಅವರ ಧ್ವನಿಯನ್ನು ಕಂಪ್ಯೂಟರಿನಲ್ಲಿ ತುಂಬಿಟ್ಟುಕೊಳ್ಳೋಣ ಎಂದೆ. ಅಪ್ಪ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕೂತರು.

"ಫೋಟೋ ಅಲ್ಲಪ್ಪಾ, ಬರೀ ವಾಯ್ಸು."

"ಇರ್ಲಿ ಬಿಡೇ. ಏನ್ ಹೇಳ್ಲಿ?"

ಜೀವಮಾನವೆಲ್ಲ ಬಾಯಿ ಮುಚ್ಚದ ಮನುಷ್ಯನಿಗೆ ಮೈಕಿನ ಮುಂದೆ ಮಾತು ಹೊರಡಲಿಲ್ಲ. ಆಮೇಲೆ ತಾವೇ ಸ್ಟಾಪುಗಳನ್ನು ಕೂಗಲು ಶುರುಮಾಡಿದರು. ಅಲ್ಲಿಂದ ಮುಂದೆ, ಬಸ್ಸಿಗೆ ಮೇಕೆ ಹತ್ತಿಸಿಕೊಂಡು ಬಂದವನ ಜೊತೆ ಆಡಿದ ಜಗಳ, ಬಾಣಂತಿಯೊಬ್ಬಳಿಗೆ ಸೀಟು ಕೊಡದ ಯಜಮಾನರನ್ನು ಇಳಿಸಿದ್ದು, ಬ್ರೇಕು ಕೆಟ್ಟ ದಿನದ ಕಥೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನನ್ ಹೆಸ್ರೂ ಒಂದ್ಸಲ ಕರೀರಿ" ಎಂದಳು.

ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದವರಲ್ಲ. ಅವರ ಕಾಲದ ಗಂಡಂದಿರು ಯಾರೂ ಕರೆಯುತ್ತಿರಲಿಲ್ಲ. "ಏಯ್", ಇಲ್ಲವೇ "ಇವ್ಳೇ". ಆ ದಿನ ಒಂದು ಕ್ಷಣ ನೆಲ ನೋಡಿ, ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡು, "ಜಯಮ್ಮಾ" ಎಂದರು. ಅಮ್ಮ ಒಳಗೆ ಹೋಗಿಬಿಟ್ಟಳು.

ಆಪರೇಷನ್ ಆಯಿತು. ಜೀವ ಉಳಿಯಿತು. ಮನೆಗೆ ಬಂದ ಮೇಲೆ ಅಪ್ಪ ಗೋಡೆಯ ಮೊಳೆಗೆ ತಗುಲಿಹಾಕಿದ್ದ ತಮ್ಮ ಹಳೆಯ ಸೀಟಿಯನ್ನು ತೆಗೆದು ಬಾಯಿಗಿಟ್ಟು ಊದಿದರು. ಶಬ್ದ ಬರಲಿಲ್ಲ. ಉಸಿರು ಕತ್ತಿನ ರಂಧ್ರದಿಂದ ಹೋಯಿತು, ಅದರ ಮೇಲೆ ಕಟ್ಟಿದ್ದ ಬಟ್ಟೆ ಅಲುಗಾಡಿತು, ಅಷ್ಟೇ. ಸೀಟಿಯನ್ನು ಅಂಗಿಗೆ ಒರೆಸಿ ಮತ್ತೆ ಮೊಳೆಗೇ ಹಾಕಿದರು. ಅಂದಿನಿಂದ ಏನಾದರೂ ಬೇಕಾದರೆ ಸ್ಟೀಲ್ ಲೋಟವನ್ನು ಟೇಬಲ್ಲಿಗೆ ಕುಟ್ಟುತ್ತಿದ್ದರು. ನೋಡಲು ಬಂದ ನೆಂಟರು ಅವರಿಗೆ ಕಿವಿಯೂ ಹೋಗಿದೆಯೆಂದು ಅದು ಹೇಗೋ ತೀರ್ಮಾನಿಸಿ, "ಊಟ ಆಯ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದರು. ಅಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ಲೋಟ ಕುಟ್ಟುತ್ತಿದ್ದರು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಗಾಳಿಯನ್ನು ಅನ್ನನಾಳಕ್ಕೆ ತಳ್ಳಿ, ಅದನ್ನು ಮೆಲ್ಲಗೆ ವಾಪಸು ಬಿಡುತ್ತಾ ತುಟಿ ನಾಲಿಗೆಯಿಂದ ಅಕ್ಷರ ಮಾಡಬಹುದು, ಕಷ್ಟ, ಆದರೆ ಸಾಧ್ಯ ಎಂದು ಹೇಳಿದರು. ಅಪ್ಪ ತಮಗೆ ಕೊಟ್ಟಿದ್ದ ಸ್ಲೇಟಿನ ಮೇಲೆ, "ತೇಗೋಕೆ ಟ್ರೈನಿಂಗ್ ಬೇಕಾ" ಎಂದು ಬರೆದು ತೋರಿಸಿ ಎದ್ದು ಬಂದುಬಿಟ್ಟರು. ಮತ್ತೆ ಹೋಗಲಿಲ್ಲ. ನಾನೂ ಒತ್ತಾಯಿಸಲಿಲ್ಲ. ನನ್ನ ಹತ್ತಿರ ಅವರ ನಿಜವಾದ ಧ್ವನಿ ಇದೆಯಲ್ಲ ಎಂಬ ಧೈರ್ಯ.

ಆ ಧೈರ್ಯ ಇದ್ದ ಜಾಗ ಈಗ ಹೇಳಬೇಕು. ಅಷ್ಟರಲ್ಲಿ ನಮ್ಮ ಬೀದಿಯ ಕರೆಂಟಿನ ಏರಿಳಿತಕ್ಕೆ ಮನೆಯ ಕಂಪ್ಯೂಟರಿನ ಡಿಸ್ಕು ಸುಟ್ಟುಹೋಗಿ ಹೊಸದು ಹಾಕಿಸಿದ್ದೆ. ಆದರೆ ಅಪ್ಪನ ಧ್ವನಿಯನ್ನು ಅದಕ್ಕೂ ಮುಂಚೆಯೇ ಹೊರಗಿನಿಂದ ಚುಚ್ಚುವ, ಅಂಗೈಯಗಲದ ಡಿಸ್ಕಿಗೆ ನಕಲು ಮಾಡಿಟ್ಟಿದ್ದೆ. ಉಳಿದದ್ದು ಅದೊಂದೇ. ಆ ಡಿಸ್ಕನ್ನು ಮಹಾಲಕ್ಷ್ಮಿ ಲೇಔಟಿನಲ್ಲಿದ್ದ ಭಾವ, ಎಂದರೆ ನಮ್ಮ ಅಕ್ಕನ ಗಂಡ, ಮಗಳ ಹುಟ್ಟುಹಬ್ಬದ ವಿಡಿಯೋ ತುಂಬಿಕೊಳ್ಳಲು ಒಯ್ದಿದ್ದರು. ಭಾವ ಒಳ್ಳೆಯ ಮನುಷ್ಯ. ಯಾವ ಯಂತ್ರವನ್ನಾದರೂ ಕೇಳಿದವರಿಗೆ ಕೇಳದವರಿಗೆ ರಿಪೇರಿ ಮಾಡಿಕೊಡುವ ಮನಸ್ಸು. ಅವರ ಕೈ ದಾಟಿ ಬಂದ ಮೇಲೆ ನಮ್ಮ ಮಿಕ್ಸಿ ಒಂದೇ ಸ್ಪೀಡಿನಲ್ಲಿ ತಿರುಗುತ್ತಿತ್ತು.

ಡಿಸ್ಕು ಹಿಂದಿರುಗಿ ಬಂದ ದಿನ ಅಮ್ಮ ಬೇಳೆ ಆರಿಸುತ್ತಾ, ತಲೆ ಎತ್ತದೆ, "ಆ ಧ್ವನಿ ಒಂದ್ಸಲ ಕೇಳಿಸೇ" ಎಂದಳು. ಅಪ್ಪ ಮನೆಯಲ್ಲಿರಲಿಲ್ಲ. ಡಿಸ್ಕನ್ನು ಚುಚ್ಚಿದೆ. ದೀಪ ಹತ್ತಿತು. ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಪರದೆಯ ಮೇಲೆ ಏನೂ ಬರಲಿಲ್ಲ.

ಲಿನಕ್ಸಿನಲ್ಲಿ ಡಿಸ್ಕನ್ನು ಚುಚ್ಚಿದರೆ ಸಾಲದು. ಅದು ಗುರುತು ಹಿಡಿದು, ತನ್ನ ಫೋಲ್ಡರುಗಳ ನಡುವೆ ಜಾಗ ಕೊಟ್ಟು ಕೂರಿಸಿಕೊಳ್ಳಬೇಕು. ಆಗಲೇ ಒಳಗಿರುವುದು ನಮಗೆ ಕಾಣುವುದು. ಇದಕ್ಕೆ ಮೌಂಟ್ ಮಾಡುವುದು ಎಂದು ಹೆಸರು. ತೆಗೆಯುವಾಗಲೂ ಮೊದಲು ಹೇಳಿ, ಅದು ಬಾಗಿಲು ಮುಚ್ಚಿಕೊಂಡ ಮೇಲೆ ತೆಗೆಯಬೇಕು. ನಮ್ಮ ಡಿಸ್ಕು ಮೌಂಟ್ ಆಗಲಿಲ್ಲ. ಕಿತ್ತು ಚುಚ್ಚಿದೆ, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ, ದೇವರಿಗೆ ಕೈ ಮುಗಿದು ಚುಚ್ಚಿದೆ. ಟಿಕ್ ಟಿಕ್.

"ಬರಲ್ವೇನೇ?" ಎಂದಳು ಅಮ್ಮ.

"ಬರುತ್ತೆ ಇರಮ್ಮ" ಎಂದೆ. ಎರಡು ಕ್ಲಾಸಿನ ಮಕ್ಕಳ ಮುಂದೆ ಎಷ್ಟೋ ಸಲ ಹೇಳಿ ಅಭ್ಯಾಸವಾಗಿದ್ದ ದನಿಯಲ್ಲಿ.

ಭಾವ ಫೋನಿನಲ್ಲೇ ತೀರ್ಪು ಕೊಟ್ಟರು. "ನಿನ್ನ ಆ ಲಿನಕ್ಸೇ ಪ್ರಾಬ್ಲಮ್ಮು ಕಣಮ್ಮ. ಡಿಸ್ಕ್ ನಮ್ಮನೇಲಿ ಚೆನ್ನಾಗೇ ಇತ್ತು. ಬಾ, ರಾಜಾಜಿನಗರದಲ್ಲಿ ನಂಗೆ ಗೊತ್ತಿರೋ ಹುಡುಗ ಇದಾನೆ, ಎರಡ್ ನಿಮಿಷದ ಕೆಲಸ."

ಹುಡುಗ ಎಂದರೆ ನನಗಿಂತ ದೊಡ್ಡವನು. ಮೆಟ್ಟಿಲು ಹತ್ತಿ ಹೋಗುವ ಇಕ್ಕಟ್ಟಾದ ಅಂಗಡಿ, ಹೊಟ್ಟೆ ಬಗೆದಿಟ್ಟ ಕಂಪ್ಯೂಟರುಗಳ ನಡುವೆ ಆತ ಕೂತಿದ್ದ. ನಾನು ತಂದಿದ್ದ ಕೇಬಲ್ಲಿನಿಂದಲೇ ಡಿಸ್ಕನ್ನು ತನ್ನ ಯಂತ್ರದ ಮುಂಭಾಗಕ್ಕೆ ಚುಚ್ಚಿದ. ಅಲ್ಲಿ ಏನೋ ಒಂದು ಬಂತು. ನನಗೆ ಒಂದು ಕ್ಷಣ ಸಂತೋಷವೂ, ಲಿನಕ್ಸ್ ಸೋತಿತಲ್ಲ ಎಂದು ಸಂಕಟವೂ ಒಟ್ಟಿಗೇ ಆದವು.

"ಮೇಡಂ, ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡ್ಲಾ ಅಂತ ಕೇಳ್ತಿದೆ. ಎಸ್ ಕೊಟ್ರೆ ಆಯ್ತು, ಹೊಸಾದ್ರ ಥರ ಆಗುತ್ತೆ."

"ಒಳಗಿರೋದು?"

"ಅದು ಹೋಗುತ್ತೆ. ಏನಿತ್ತು, ಹಾಡುಗೀಡಾ?"

"ನಮ್ಮಪ್ಪ ಇದಾರೆ" ಎಂದೆ.

ಆತನಿಗೆ ಅರ್ಥವಾಗಲಿಲ್ಲ. ಫೋಟೋ ಎಂದುಕೊಂಡಿರಬೇಕು. "ಫೋಟೋ ಇನ್ನೊಂದ್ ಸಲ ತೆಗೀಬೋದು ಬಿಡಿ ಮೇಡಂ" ಎನ್ನುತ್ತಾ ಮೌಸನ್ನು ಎಸ್ ಕಡೆಗೆ ಸರಿಸಿದ. ನಾನು ಆತನ ಮಣಿಕಟ್ಟನ್ನು ಹಿಡಿದುಕೊಂಡೆ. ಗಟ್ಟಿಯಾಗಿಯೇ ಹಿಡಿದೆ ಎಂದು ಕಾಣುತ್ತದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾವ ಗೋಡೆಯ ಕ್ಯಾಲೆಂಡರು ನೋಡತೊಡಗಿದರು.

"ಫಾರ್ಮ್ಯಾಟ್ ಬೇಡ" ಎಂದೆ.

"ಬೇರೆ ದಾರಿ ಇಲ್ಲ ಮೇಡಂ."

"ಬೇಡ ಅಂದ್ರೆ ಬೇಡ." ಡಿಸ್ಕನ್ನು ಕಿತ್ತುಕೊಂಡೆ.

"ಹಂಗ್ ಕೀಳ್ಬಾರ್ದು ಮೇಡಂ, ಸೇಫಾಗಿ ತೆಗೀಬೇಕು."

"ಸೇಫಾಗೇ ತಗೊಂಡೋಗ್ತೀನಿ" ಎಂದು ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲು ಇಳಿದೆ.

ಸ್ಕೂಟರಿನಲ್ಲಿ ಭಾವ ದಾರಿಯುದ್ದಕ್ಕೂ ಬುದ್ಧಿ ಹೇಳಿದರು. ಅಕ್ಕ ಫೋನಿನಲ್ಲಿ ಹೇಳಿದಳು. "ಹೋಗಿದ್ದು ಹೋಯ್ತು ಬಿಡೇ ಶೈಲಾ. ಅಪ್ಪ ಕಣ್ಮುಂದೆ ಇದಾರಲ್ಲ, ಅಷ್ಟು ಸಾಕು ಅನ್ಕೋ." ಅವಳು ಹೇಳಿದ್ದು ನ್ಯಾಯವಾಗಿಯೇ ಇತ್ತು. ನನಗೆ ನ್ಯಾಯ ಬೇಕಿರಲಿಲ್ಲ. ಒಬ್ಬ ಮನುಷ್ಯನ ಗಂಟಲನ್ನು ಆಗಲೇ ಕಿತ್ತು ಹಾಕಿ ಆಗಿದೆ, ಉಳಿದ ಚೂರನ್ನೂ ಅಳಿಸಿ ಹೊಸದಾಗಿ ಮಾಡಿಕೊಡುತ್ತೇನೆ ಎಂದು ಕಂಡವರೆಲ್ಲ ಎಸ್ ಒತ್ತಲು ಬಂದರೆ ಒಪ್ಪಬೇಕೇ? ಸೋಲಬೇಕಾದರೆ ಏನಾಗಿದೆಯೆಂದು ತಿಳಿದು ಸೋಲುತ್ತೇನೆ, ತಿಳಿಯದೆ ಸೋಲುವುದಿಲ್ಲ ಎಂದು ಹಟ ಹಿಡಿದೆ.

ಆಗೆಲ್ಲ ಲಿನಕ್ಸಿನವರಿಗೆ ಈಮೇಲಿನ ಗುಂಪುಗಳಿದ್ದವು. ಒಬ್ಬರು ಪ್ರಶ್ನೆ ಕೇಳಿದರೆ ಎಲ್ಲರಿಗೂ ಹೋಗುತ್ತಿತ್ತು, ಪುರುಸೊತ್ತಿದ್ದವರು ಉತ್ತರ ಕೊಡುತ್ತಿದ್ದರು. ಸಾಧಾರಣವಾಗಿ ಬೈದೇ ಕೊಡುತ್ತಿದ್ದರು. ನಾನು ಕನ್ನಡ ಟೀಚರು, ಪತ್ರ ಬರೆಯುವುದು ನನಗೆ ಗೊತ್ತು. ಅಪ್ಪನ ಮಾಗಡಿ ರಸ್ತೆಯ ದಿನಗಳಿಂದ ಹಿಡಿದು ಮಣಿಕಟ್ಟಿನವರೆಗೆ ನನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ ಉದ್ದಕ್ಕೂ ಬರೆದೆ. ಓದಿದವರ ಕಣ್ಣು ಒದ್ದೆಯಾಗಬೇಕು, ಹಾಗೆ.

ಒಬ್ಬರಿಂದ ಉತ್ತರ ಬಂತು. ಅವರು ಯಾರು, ಎಲ್ಲಿಯವರು ಎಂದು ಇವತ್ತಿಗೂ ಗೊತ್ತಿಲ್ಲ. ಉತ್ತರದ ಸಾರಾಂಶ ಇಷ್ಟೇ. ನಿಮ್ಮ ತಂದೆಯವರ ವಿಷಯ ತಿಳಿದು ಬೇಸರವಾಯಿತು. ಡಿ-ಮೆಸೇಜ್ ಏನು ಹೇಳುತ್ತದೆ?

ಡಿ-ಮೆಸೇಜ್ ಎಂದರೆ ಲಿನಕ್ಸು ತನ್ನೊಳಗೆ ಗೊಣಗಿಕೊಳ್ಳುವುದನ್ನು ತೋರಿಸುವ ಆಜ್ಞೆ. ಇಷ್ಟು ದಿನ ನಾನು ಪರದೆಯ ಮೇಲೆ ಚಿತ್ರ ಬರಲಿಲ್ಲ ಎಂದು ಗೋಳಾಡುತ್ತಿದ್ದೆನೇ ಹೊರತು, ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಕಪ್ಪು ಪರದೆ ತೆರೆದು ಕೇಳಿದೆ. ಸಾಲು ಸಾಲಾಗಿ ಗೊಣಗಾಟ ಇಳಿಯಿತು. ಕೊನೆಯ ಸಾಲುಗಳಲ್ಲಿ, ಹೊಸ ಸಾಧನವೊಂದು ಬಂದಿದೆ, ಅದಕ್ಕೊಂದು ವಿಳಾಸ ಕೊಟ್ಟರೆ ಅದು ತೆಗೆದುಕೊಳ್ಳುತ್ತಿಲ್ಲ, ಇನ್ನೊಂದು ಕೊಟ್ಟೆ, ಅದನ್ನೂ ತೆಗೆದುಕೊಳ್ಳಲಿಲ್ಲ, ಬಿಟ್ಟುಬಿಟ್ಟೆ ಎಂದಿತ್ತು. ಬಾಗಿಲು ತೆರೆಯದ ಮನೆಯ ಮುಂದೆ ನಿಂತು ಬೇಸತ್ತ ಪೋಸ್ಟ್‌ಮನ್ನಿನ ಹಾಗೆ. ಅದನ್ನು ಹಾಗೇ ನಕಲು ಮಾಡಿ ಕಳಿಸಿದೆ.

ಮತ್ತೆ ಉತ್ತರ. ಡಿಸ್ಕಿಗೆ ಕರೆಂಟು ಸಾಲುತ್ತಿಲ್ಲ. ಯಾವ ಕೇಬಲ್? ಎಷ್ಟು ಉದ್ದ? ಒಂದು ತಲೆಯದೋ, ಎರಡು ತಲೆಯದೋ? ಹಿಂಭಾಗಕ್ಕೆ ಚುಚ್ಚಿದ್ದೀರೋ, ಮುಂಭಾಗಕ್ಕೋ?

ನಾನು ಕೇಬಲ್ಲನ್ನು ಎತ್ತಿ ನೋಡಿದೆ. ಅದು ನಮ್ಮ ಕೇಬಲ್ಲಾಗಿರಲೇ ಇಲ್ಲ. ನಮ್ಮದು ಗಿಡ್ಡ, ಎರಡು ತಲೆ. ಇದು ಬಟ್ಟೆ ಒಣಹಾಕುವಷ್ಟು ಉದ್ದ, ಒಂದೇ ತಲೆ. ಭಾವನಿಗೆ ಫೋನು ಮಾಡಿದೆ.

"ಓ ಅದಾ? ಗಿಡ್ಡ ಇತ್ತಲ್ಲಮ್ಮ, ಟೇಬಲ್ಲಿಗೆ ಎಟುಕ್ತಿರ್ಲಿಲ್ಲ. ಅದಕ್ಕೇ ಉದ್ದದ್ದು ಹಾಕೊಟ್ಟೆ. ಅದ್ರಲ್ಲಿ ಎರಡು ತಲೆ ಬೇರೆ. ಒಂದು ಸಾಕು, ಇನ್ನೊಂದು ಸುಮ್ನೆ ದಂಡ."

"ಭಾವ, ಆ ಎರಡನೇದು ಕರೆಂಟ್ ಕುಡಿಯೋಕೆ. ಅದಿಲ್ದೆ ಡಿಸ್ಕ್ ಉಪವಾಸ ಬಿದ್ದಿದೆ."

"ನಿಂಗೆ ಯಾರು ಹೇಳಿದ್ದು?"

"ಲಿನಕ್ಸೇ ಹೇಳ್ತು" ಎಂದೆ. ಪೂರ್ತಿ ನಿಜವಲ್ಲ, ಆದರೆ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅಲ್ಲಿಂದ ಜಗಳ ಶುರುವಾಯಿತು. ಕೇಬಲ್ಲಿನಿಂದ ಮಿಕ್ಸಿಗೆ ಹೋಗಿ, ಮಿಕ್ಸಿಯಿಂದ ಅವರ ಮದುವೆಯಲ್ಲಿ ನಾವು ಕೊಟ್ಟ ಫ್ಯಾನಿನವರೆಗೂ ಹೋಯಿತು. ಅಕ್ಕ ಫೋನು ಕಸಿದುಕೊಂಡು ಇಟ್ಟಳು.

ಭಾನುವಾರ ಮಧ್ಯಾಹ್ನ ಭಾವ, ಅಕ್ಕ ಇಬ್ಬರೂ ಬಂದರು. ಭಾವ ಸ್ಕೂಟರಿನ ಡಿಕ್ಕಿಯಿಂದ ಗಿಡ್ಡ ಕೇಬಲ್ಲನ್ನು ತೆಗೆದು ನನ್ನ ಕೈಗಿತ್ತರು. ಊಟಕ್ಕೂ ಕೂರದೆ, ಟೇಬಲ್ಲಿನ ಅಡಿಗೆ ತೂರಿ, ಎರಡೂ ತಲೆಗಳನ್ನು ಕಂಪ್ಯೂಟರಿನ ಹಿಂಭಾಗಕ್ಕೆ ಚುಚ್ಚಿದೆ. ಟಿಕ್ ಟಿಕ್ ಇಲ್ಲ. ನುಣ್ಣಗೆ ತಿರುಗುವ ಸದ್ದು. ಡಿ-ಮೆಸೇಜಿನಲ್ಲಿ ಡಿಸ್ಕಿನ ಹೆಸರು, ಅಳತೆ ಎಲ್ಲ ಬಂತು. ಸಾಧನ ವಿಳಾಸ ಪಡೆದಿತ್ತು.

ಆದರೂ ಮೌಂಟ್ ಆಗಲಿಲ್ಲ.

ಈ ಸಲ ಲಿನಕ್ಸು ಕಾರಣವನ್ನು ಉದ್ದಕ್ಕೇ ಹೇಳಿತು. ಹಿಂದಿನ ಸಲ ಯಾರೋ ಇದನ್ನು ಸರಿಯಾಗಿ ಮುಚ್ಚದೆ ಕಿತ್ತಿದ್ದಾರೆ, ಇನ್ನೂ ಬಳಕೆಯಲ್ಲಿದೆ ಎಂಬ ಗುರುತು ಅದರ ಮೇಲಿದೆ, ಹಾಳಾದೀತೆಂದು ನಾನು ತೆರೆಯುವುದಿಲ್ಲ. ತೆರೆಯಲೇಬೇಕೆಂದಿದ್ದರೆ ಬಲವಂತ ಎಂಬ ಪದ ಸೇರಿಸಿ ಬರೆ, ನಿನ್ನ ಸ್ವಂತ ಜವಾಬ್ದಾರಿಯ ಮೇಲೆ.

ಅಂಗಡಿಯಲ್ಲಿ ನಾನೇ ಕಿತ್ತುಕೊಂಡದ್ದು ನೆನಪಾದರೂ ಭಾವನ ಕಡೆ ತಿರುಗಿದೆ. "ತೆಗಿಯೋವಾಗ ಹೇಳಿ ತೆಗೆದ್ರಾ, ಹಂಗೇ ಎಳೆದ್ರಾ?"

"ವಿಡಿಯೋ ಕಾಪಿ ಆಗ್ತಾನೇ ಇತ್ತು. ಆಯ್ತು ಅನ್ಕೊಂಡೆ" ಎಂದರು ಭಾವ. ಈ ಸಲ ಜಗಳವಾಡಲಿಲ್ಲ.

ಆ ಅಪರಿಚಿತರು ಕೊನೆಯ ಈಮೇಲಿನಲ್ಲಿ ಒಂದು ಮಾತು ಹೇಳಿದ್ದರು. ಏನೇ ಆದರೂ ಮೊದಲು ಓದಲು ಮಾತ್ರ ಎಂದು ಹೇಳಿ ತೆರೆಯಿರಿ, ಅದರ ಮೇಲೆ ಒಂದಕ್ಷರವೂ ಬರೆಯಲು ಬಿಡಬೇಡಿ, ಬೇಕಾದ್ದನ್ನು ಹೊರಗೆ ತೆಗೆದುಕೊಳ್ಳಿ, ರಿಪೇರಿ ಆಮೇಲೆ. ಹಾಗೇ ಮಾಡಿದೆ. ಓದಲು ಮಾತ್ರ, ಬಲವಂತ, ನನ್ನ ಸ್ವಂತ ಜವಾಬ್ದಾರಿ. ಎರಡು ಸಲ ತಪ್ಪು ಬರೆದೆ, ಎರಡು ಸಲವೂ ಬೈಸಿಕೊಂಡೆ. ಮೂರನೆಯ ಸಲ ಪರದೆ ಏನೂ ಹೇಳಲಿಲ್ಲ. ಲಿನಕ್ಸು ಸುಮ್ಮನಿದ್ದರೆ ಕೆಲಸ ಆಯಿತು ಎಂದು ಅರ್ಥ. ಫೋಲ್ಡರು ತೆರೆದೆ. ಹುಟ್ಟುಹಬ್ಬದ ಅರ್ಧ ವಿಡಿಯೋದ ಪಕ್ಕದಲ್ಲಿ ಅಪ್ಪ ಇದ್ದರು.

ಮೊದಲು ಮನೆಯ ಡಿಸ್ಕಿಗೆ ನಕಲು ಮಾಡಿದೆ. ಆಮೇಲೆ ಅಮ್ಮನನ್ನು ಕರೆದೆ. ಅವಳು ಕೈ ಒರೆಸಿಕೊಂಡು ಬಂದು, ಕುರ್ಚಿ ಇದ್ದರೂ ನೆಲದ ಮೇಲೆ ಕೂತಳು. ಅಪ್ಪ ಟೆರೇಸಿನ ಮೇಲಿದ್ದರು. ಕೆಲವು ತಿಂಗಳಿಂದ ಅವರು ದಿನಾ ನೀರಿನ ಟ್ಯಾಂಕು ನೋಡುತ್ತೇನೆಂದು ಸನ್ನೆ ಮಾಡಿ ಮೇಲೆ ಹೋಗಿ ಗಂಟೆಗಟ್ಟಲೆ ಇರುತ್ತಿದ್ದರು. ಟ್ಯಾಂಕಿನಲ್ಲಿ ನೋಡಲು ಅಷ್ಟೇನಿದೆಯೋ ಎಂದು ಅಮ್ಮ ಗೊಣಗುತ್ತಿದ್ದಳು.

ಸ್ಪೀಕರಿನಿಂದ ಗೊಗ್ಗರು ದನಿ ಹೊರಟಿತು. ಇರ್ಲಿ ಬಿಡೇ, ಏನ್ ಹೇಳ್ಲಿ. ಬಿನ್ನಿಮಿಲ್, ಟೋಲ್‌ಗೇಟ್. ಮೇಕೆಯ ಕಥೆಗೆ ಅಕ್ಕ ನಗುತ್ತಾ ಅತ್ತಳು. ಭಾವ ಬಾಗಿಲಿಗೆ ಒರಗಿ ನಿಂತು ಕನ್ನಡಕ ತೆಗೆದರು. ಅಮ್ಮ ಮಾತ್ರ ಅಳಲಿಲ್ಲ, ಮುಂದೆ ಬರುವುದು ಯಾವುದೆಂದು ಅವಳಿಗೆ ಗೊತ್ತಿತ್ತು. "ಜಯಮ್ಮಾ" ಎಂದಿತು ಸ್ಪೀಕರು. "ಇನ್ನೊಂದ್ಸಲ ಹಾಕು" ಎಂದಳು. ಹಾಕಿದೆ. "ಇನ್ನೊಂದ್ಸಲ." ಹಾಕಿದೆ.

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಭಾವ ಸಂಭ್ರಮದಿಂದ, "ಮಾವ, ನಿಮ್ ವಾಯ್ಸು ಸಿಕ್ತು" ಎಂದರು. ಅಪ್ಪ ಒಳಗೆ ಬಂದು ಸ್ಪೀಕರಿನ ಮುಂದೆ ನಿಂತು, ಅಪರಿಚಿತ ಪ್ರಯಾಣಿಕನನ್ನು ನೋಡುವಂತೆ ಅದನ್ನು ನೋಡಿದರು. ಸ್ವಲ್ಪ ಹೊತ್ತು ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕೈ ಚಾಚಿ ಅದರ ತಿರುಪನ್ನು ತಿರುಗಿಸಿ ಸದ್ದು ಅಡಗಿಸಿದರು. ಅವರಿಗೆ ನೋವು ಮಾಡಿದೆನೇನೋ ಎನ್ನಿಸಿತು.

ಅಪ್ಪ ಗದ್ದ ಒಳಗೆಳೆದುಕೊಂಡು ಏನನ್ನೋ ನುಂಗಿದರು. ತುಟಿ ಬಿಗಿಯಿತು. ಹೊಟ್ಟೆಯ ಆಳದಿಂದ, ಮಡಕೆಯೊಳಗಿಂದ ಬಂದಂಥ ಒಂದು ಒರಟು ಸದ್ದು ಹೊರಟಿತು.

"ಅದು ಹೋಯ್ತು."

ಅಪ್ಪ ಮತ್ತೆ ನುಂಗಿದರು.

"ಇದು... ಇದೆ."

ಆಮೇಲೆ ಅಮ್ಮನ ಕಡೆ ತಿರುಗಿ, ಸ್ವಲ್ಪ ಹೆಚ್ಚು ಹೊತ್ತು ಸಿದ್ಧತೆ ಮಾಡಿಕೊಂಡು, "ಚಯಮ್ಮಾ... ಕಾಫಿ" ಎಂದರು.

ಅಮ್ಮ ಎದ್ದು ನಿಂತಳು. ಅವಳ ಮುಖ ಹೇಗಿತ್ತು ಎಂದು ನಾನು ಬರೆಯಲಾರೆ. ಕನ್ನಡ ಟೀಚರಾದರೂ ಬರೆಯಲಾರೆ. "ಚಯಮ್ಮ ಅಲ್ಲ, ಜಯಮ್ಮ" ಎಂದಳು ಮೆಲ್ಲಗೆ.

ಅಪ್ಪ ನುಂಗಿದರು. "ಕೊತ್ತು. ಆ ಅಕ್ಷರ... ಬರಲ್ಲ. ಇನ್ನೂ."

ಟ್ಯಾಂಕಿನ ಹತ್ತಿರ ಏನು ನಡೆಯುತ್ತಿತ್ತು ಎಂಬುದು ಆಗ ತಿಳಿಯಿತು. ಮಾತು ಕಲಿಸುವ ಮೇಡಂ ಹತ್ತಿರ ಎಲ್ಲರೆದುರು ತೇಗಲು ಒಪ್ಪದ ಮನುಷ್ಯ, ಅವರು ಮೊದಲ ದಿನ ತೋರಿಸಿಕೊಟ್ಟಿದ್ದನ್ನೇ ಹಿಡಿದುಕೊಂಡು ಕಾಗೆಗಳಿಗೆ ಭಾಷಣ ಮಾಡುತ್ತಿದ್ದರು. ಮರುವಾರವೇ ನನ್ನನ್ನು ಕರೆದುಕೊಂಡು ತಾವಾಗಿ ಆ ಮೇಡಂ ಹತ್ತಿರ ಹೋದರು. ಜ, ಗ, ಡ ಇಂಥವು ಕಷ್ಟವಾಗುತ್ತವೆ ಎಂದು ಅವರು ಹೇಳಿದಾಗ, ಕಷ್ಟದವನ್ನೇ ಮೊದಲು ಹೇಳಿಕೊಡಿ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದರು. ಆ ಸ್ಲೇಟು ಬಳಕೆಯಾದದ್ದು ಅದೇ ಕೊನೆ ಇರಬೇಕು.

ಧ್ವನಿ ಸಿಕ್ಕಿದ ಸುದ್ದಿ ಭಾವನ ಬಾಯಿಂದ ನೆಂಟರಿಗೆಲ್ಲ ಹರಡಿತ್ತು. ಬಂದವರು, "ಹಳೇ ವಾಯ್ಸು ಇದ್ಯಂತಲ್ಲ, ಸ್ವಲ್ಪ ಹಾಕಮ್ಮಾ, ಪಾಪ" ಎನ್ನುತ್ತಿದ್ದರು. ಅಪ್ಪ "ಬೇಡ" ಎನ್ನುತ್ತಿದ್ದರು. ಆ ಪದ ಅವರಿಗೆ ಚೆನ್ನಾಗಿ ಬರುತ್ತಿತ್ತು. ನಾನೂ ಹಾಕುತ್ತಿರಲಿಲ್ಲ. ಅಮ್ಮ ಒಬ್ಬಳೇ ಇದ್ದಾಗ ಎಂದಾದರೂ ಕೇಳಿದರೆ ಹಾಕುತ್ತಿದ್ದೆ, ಬಾಗಿಲು ಮುಂದೆ ಮಾಡಿಕೊಂಡು.

ಅದಾದ ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ಅಪ್ಪ, ನಾನು ಆಸ್ಪತ್ರೆಯ ತಪಾಸಣೆ ಮುಗಿಸಿ ಬರುತ್ತಾ ವಿಜಯನಗರದ ದರ್ಶಿನಿಯೊಂದಕ್ಕೆ ಹೋದೆವು. ನಿಂತು ತಿನ್ನುವವರ ಗಲಾಟೆ, ತಟ್ಟೆ ಲೋಟಗಳ ಸದ್ದು, ಕೌಂಟರಿನ ಮುಂದೆ ನೂಕುನುಗ್ಗಲು. ನಾನು ಪರ್ಸು ತೆಗೆಯುವಷ್ಟರಲ್ಲಿ ಅಪ್ಪ ನನ್ನನ್ನು ಹಿಂದಕ್ಕೆ ಸರಿಸಿ ತಾವೇ ಮುಂದೆ ಹೋಗಿ ಏನೋ ಹೇಳಿದರು. ಕ್ಯಾಷಿಯರಿಗೆ ಕೇಳಿಸಲಿಲ್ಲ.

"ಏನ್ ಸಾರ್? ಜೋರಾಗ್ ಹೇಳಿ" ಎಂದ ಆತ, ಚಿಲ್ಲರೆ ಎಣಿಸುತ್ತಾ.

ಸಾಲಿನಲ್ಲಿದ್ದವರು ಕತ್ತಿನ ಬಟ್ಟೆಯನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ನಾನು ನೆರವಿಗೆ ಹೋಗಲು ಒಂದು ಹೆಜ್ಜೆ ಮುಂದಿಟ್ಟೆ. ಅಪ್ಪ ಹಿಂದಕ್ಕೆ ನೋಡದೆಯೇ ಅಂಗೈ ತೋರಿಸಿ ನನ್ನನ್ನು ತಡೆದರು. ಎರಡೂ ಕೈಗಳನ್ನು ಕೌಂಟರಿನ ಮೇಲೆ ಊರಿ, ನಿಧಾನವಾಗಿ ಗಾಳಿ ನುಂಗಿದರು. ಹಿಂದಿನವರು ಕಾದರು.

"ಜೋರು... ಬರಲ್ಲ" ಎಂದರು. "ನೀವೇ... ಹತ್ರ ಬನ್ನಿ."

ಕ್ಯಾಷಿಯರು ತಲೆ ಎತ್ತಿ ನೋಡಿದ. ಕೈಯಲ್ಲಿದ್ದ ಚಿಲ್ಲರೆಯನ್ನು ಕೆಳಗಿಟ್ಟು, ಕುರ್ಚಿಯಿಂದ ಎದ್ದು, ಕೌಂಟರಿನ ಮೇಲೆ ಬಗ್ಗಿ ಕಿವಿಯನ್ನು ಅಪ್ಪನ ಬಾಯಿಯ ಹತ್ತಿರಕ್ಕೆ ತಂದ.

"ಎರಡು ಇಡ್ಲಿ ವಡೆ" ಎಂದರು ಅಪ್ಪ. "ಚಟ್ನಿ... ಬೇರೆ."